ನಾಡಿನ ಹೆಸರು, ನಾಡಿನ ಧ್ವಜ

ಓದುಗರಲ್ಲಿ ಇಂಡಿ ಸೀಮೆಯವರು ಅನೇಕರಿದ್ದೀರಿ. ಸಾಲೋಟಗಿಯನ್ನು ಕಾಣದವರು ನಿಮ್ಮಲ್ಲಿ ವಿರಳ. ಆದರೆ ಆ ಊರಿನ ಹೆಸರಿನೊಳಗೆ ಒಂದು ಶಾಲೆ ಅಡಗಿದೆಯೆಂಬುದನ್ನು ಎಷ್ಟು ಜನ ಬಲ್ಲಿರಿ? ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮಾನ್ಯಖೇಟದಿಂದ ಆಳುತ್ತಿರುವಾಗ, ಅವನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂಬ ಗ್ರಾಮದಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಶಾಲೆಯ ಪಾವಿಟ್ಟಗೆಯೇ ಜನರ ನಾಲಗೆಯಲ್ಲಿ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ವಿದ್ಯಾರ್ಥಿಗಳಿಗಾಗಿ 27 ವಸತಿಗಳು, ದೀಪದ ಎಣ್ಣೆಗಾಗಿ ಭೂಮಿ, ಊರವರ ಮನೆಯಲ್ಲಿ ಮದುವೆ ಉಪನಯನಗಳಾದಾಗ ಶಾಲೆಗೆ ಸಲ್ಲಬೇಕಾದ ಕಾಣಿಕೆ, ಇವೆಲ್ಲವೂ ಅಲ್ಲಿಯ ಸ್ತಂಭಶಾಸನದಲ್ಲಿ ನಮೂದಾಗಿವೆ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ ಈ ಏರ್ಪಾಡು ಅಪರಿಚಿತವೆನಿಸಲಾರದು.

ಆ ಶಾಸನದಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ಬೇಕಾದ ಮಾತೊಂದಿದೆ. ವಿದ್ಯಾರ್ಥಿಗಳು ನಾನಾ ಜನಪದಗಳಿಂದ ಬಂದವರೆಂದು ಅದು ಹೇಳುತ್ತದೆ. ಇಂದು ನಾವು ಜನಪದವೆಂದರೆ ಹಾಡು, ಕಥೆ, ಕೋಲಾಟಗಳನ್ನು ನೆನೆಯುತ್ತೇವೆ. ಅಂದು ಅದರ ಅರ್ಥ ದೇಶ. ಜನರು ಪದವನ್ನಿಟ್ಟ ನೆಲ, ಎಂದರೆ ಜನರು ಕಾಲೂರಿ ನಿಂತ ನೆಲವೇ ಜನಪದ. ದೇಶವೆಂಬುದಕ್ಕೆ ಇಷ್ಟು ಸರಳವಾದ, ಇಷ್ಟು ನಿಜವಾದ ಇನ್ನೊಂದು ಶಬ್ದ ದೊರೆಯುವುದು ಕಠಿಣ.

ಆದರೆ ಜನರು ಕಾಲೂರಿ ನಿಂತರೂ ಅವರ ನಾಡಿನ ಹೆಸರು ನಿಲ್ಲುವುದಿಲ್ಲ. ಅದು ಅಲೆಯುತ್ತದೆ. ನಮ್ಮ ದೇಶದ ಹೆಸರನ್ನೇ ನೋಡಿರಿ. ಸಿಂಧುವನ್ನು ಪಾರಸಿಕರು ಹಿಂದೂ ಎಂದರು. ಗ್ರೀಕರು ಹಕಾರವನ್ನೂ ಬಿಟ್ಟು ಇಂದೋಸ್ ಎಂದರು. ಅದರಿಂದ ಇಂಡಿಯಾ ಹುಟ್ಟಿತು. 1947ರ ವಿಭಜನೆಯ ತರುವಾಯ ಆ ನದಿಯ ಬಹುಭಾಗ ಪಾಕಿಸ್ತಾನಕ್ಕೆ ಹೋಯಿತು. ಹೆಸರು ನಮ್ಮಲ್ಲಿ ಉಳಿಯಿತು. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್ 1957ರಲ್ಲಿ ಸ್ವತಂತ್ರವಾದಾಗ ಘಾನಾ ಎಂಬ ಹೆಸರನ್ನು ಧರಿಸಿತು. ಪ್ರಾಚೀನ ಘಾನಾ ರಾಜ್ಯವಿದ್ದುದು ಅಲ್ಲಿಂದ ಬಹುದೂರ, ವಾಯವ್ಯಕ್ಕೆ, ಇಂದಿನ ಮಾಲಿ ಮತ್ತು ಮಾರಿಟಾನಿಯಗಳ ನೆಲದಲ್ಲಿ. ಪರಕೀಯರು ಕೊಟ್ಟ ಹೆಸರನ್ನು ಕಳಚಲು ಆ ಜನರು ಬೇರೆಡೆಯ ಹಿರಿಮೆಯನ್ನು ಕರೆತಂದರು. ಸಿಲೋನು 1972ರಲ್ಲಿ ಶ್ರೀಲಂಕೆಯಾದುದು ಇದೇ ಬಗೆಯ ಬಯಕೆಯಿಂದ. ನಮ್ಮಲ್ಲಿಯೂ ಈ ಚರ್ಚೆ ನಡೆದಿತ್ತು. 1949ರ ಸಪ್ಟೆಂಬರ 18ರಂದು ಸಂವಿಧಾನ ಸಭೆಯಲ್ಲಿ ಮೊದಲನೆಯ ವಿಧಿ ಅಂಗೀಕಾರಕ್ಕೆ ಬಂದಾಗ, ಭಾರತವೆಂಬ ಹೆಸರಿಗೆ ಅಗ್ರಸ್ಥಾನ ದೊರೆಯಬೇಕೆಂದು ವಾದಿಸಿದವರು ಎಚ್.ವಿ. ಕಾಮತರು, ಮಂಗಳೂರಿನಲ್ಲಿ ಹುಟ್ಟಿದವರು. ಅವರ ತಿದ್ದುಪಡಿ ಬಿದ್ದುಹೋಯಿತು. ಆದರೂ ಇಂಡಿಯಾ ಎಂದರೆ ಭಾರತವೆಂದು ಎರಡೂ ಹೆಸರುಗಳು ಸಂವಿಧಾನದಲ್ಲಿ ಜೊತೆಗೂಡಿ ನಿಂತವು.

ಇನ್ನು ನಮ್ಮ ಕರ್ನಾಟಕದ ಮಾತು. ಮಹಾಭಾರತದಲ್ಲಿಯೂ, ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಕರ್ಣಾಟವೆಂಬ ದೇಶನಾಮ ಬರುತ್ತದೆ. ಪ್ರಾಚೀನ ತಮಿಳಿನ ಶಿಲಪ್ಪದಿಕಾರವು ನಮ್ಮವರನ್ನು ಕರುನಾಡರೆಂದು ಕರೆದಿದೆ. ಕರು ಎಂದರೆ ಕಪ್ಪು, ಆದ್ದರಿಂದ ಕರಿಯ ಮಣ್ಣಿನ ನಾಡು ಎಂದು ಒಂದು ಪಕ್ಷ; ಕರು ಎಂದರೆ ಎತ್ತರ, ಆದ್ದರಿಂದ ಎತ್ತರದ ನಾಡು ಎಂದು ಇನ್ನೊಂದು ಪಕ್ಷ; ಕಮ್ಮಿತು ನಾಡು, ಪರಿಮಳದ ನಾಡು ಎಂಬುದು ಮೂರನೆಯದು. ಸಿಂದಗಿ, ಬಾಗೇವಾಡಿಗಳ ಎರೆಹೊಲದಲ್ಲಿ ಬಿಳಿಜೋಳ ಬೆಳೆಯುವ ನಮಗೆ ಮೊದಲನೆಯ ಪಕ್ಷವು ಪ್ರಿಯವಾಗಿ ತೋರುವುದು ಸಹಜವೇ. ಆದರೆ ಮೈಸೂರು ಸೀಮೆಯ ಕೆಮ್ಮಣ್ಣಿಗೆ ಅದು ಒಪ್ಪದು. ಇಡೀ ಪ್ರಸ್ಥಭೂಮಿಗೆ ಅನ್ವಯಿಸುವ ಎತ್ತರದ ನಾಡೆಂಬುದೇ ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ. ತಮಿಳರು ಕೆಳಗಿನಿಂದ ಮೇಲೆ ನೋಡಿ ಇಟ್ಟ ಹೆಸರಾದರೆ ಅದು ಇನ್ನೂ ಒಪ್ಪುತ್ತದೆ.

ಹೆಸರು ಏನೇ ಇರಲಿ, ಅದಕ್ಕೆ ಬಲ ಬಂದುದು ಚಾಲುಕ್ಯರಿಂದ. ಕ್ರಿ.ಶ. 754ರ ಸಾಮನಗಡ ತಾಮ್ರಪಟದಲ್ಲಿ ರಾಷ್ಟ್ರಕೂಟ ದಂತಿದುರ್ಗನು ತಾನು ಕರ್ನಾಟಕ ಬಲವನ್ನು ಗೆದ್ದೆನೆಂದು ಹೇಳಿಸಿಕೊಂಡಿದ್ದಾನೆ. ಆ ಬಲವೆಂದರೆ ಬಾದಾಮಿ ಚಾಲುಕ್ಯರ ಸೈನ್ಯ. ನಮ್ಮ ನಾಡಿನ ಹೆಸರು ಶೌರ್ಯದ ಬಿರುದಾಗಿ ನಮಗೆ ದೊರೆಯುವುದು ಸೋತ ಸೈನ್ಯದ ವರ್ಣನೆಯಲ್ಲಿ, ಗೆದ್ದವನ ಬಾಯಿಂದ! ಮುಂದೆ ಅದೇ ವಂಶದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಕನ್ನಡದ ನಾಡೆಂದು ಗುರುತಿಸಿತು. ರಾಜನ ಮೇರೆಯನ್ನಲ್ಲ, ನುಡಿಯ ಮೇರೆಯನ್ನು ಅದು ಹೇಳಿತೆಂಬುದನ್ನು ಗಮನಿಸಬೇಕು.

ರಾಜರ ಮೇರೆಗಳಾದರೋ ಬದಲಾಗುತ್ತಲೇ ಇದ್ದವು. ನಮ್ಮ ಜಿಲ್ಲೆಯ ಬಹುಭಾಗವು ಆಗ ತರ್ದವಾಡಿ ಸಾಸಿರವೆಂಬ ನಾಡು. ಅದರ ಮುಖ್ಯಸ್ಥಾನವಾಗಿದ್ದ ತರ್ದವಾಡಿಯೇ ಇಂಡಿ ಸೀಮೆಯ ಭೀಮಾತೀರದ ತದ್ದೇವಾಡಿ. ಬಾಗೇವಾಡಿ ತಾಲೂಕಿನ ನರಸಲಗಿಯ ಕ್ರಿ.ಶ. 965ರ ಶಾಸನದಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಸಾಮಂತನಾಗಿ ಈ ತರ್ದವಾಡಿಯನ್ನು ಆಳುತ್ತಿದ್ದಾನೆ. ಎಂಟು ವರುಷಗಳಲ್ಲಿ, 973ರಲ್ಲಿ, ಅವನು ತನ್ನ ಒಡೆಯರ ರಾಜ್ಯವನ್ನೇ ಕೈವಶ ಮಾಡಿಕೊಂಡನು. ಕಲ್ಯಾಣದ ಚಾಲುಕ್ಯರ ಸಾಮ್ರಾಜ್ಯದ ಬೀಜ ಮೊಳೆತುದು ಹೀಗೆ ನಮ್ಮ ಹೊಲಗಳಲ್ಲಿ.

ಅಂದಿನ ಧ್ವಜಗಳು ನಾಡಿನವಲ್ಲ, ಮನೆತನದವು. ಈ ನೆಲದ ಮೇಲೆ ಬಾದಾಮಿ ಚಾಲುಕ್ಯರ ವರಾಹ ಲಾಂಛನ ಮೆರೆಯಿತು. ರಾಷ್ಟ್ರಕೂಟರ ಗರುಡ ಬಂತು. ತೈಲಪನೊಂದಿಗೆ ಮತ್ತೆ ವರಾಹ. ಬಳಿಕ ಕಳಚುರಿ ಬಿಜ್ಜಳನ ಸುವರ್ಣ ವೃಷಭಧ್ವಜ. ಅನಂತರ ದೇವಗಿರಿಯ ಸೇವುಣರ ಗರುಡ. ಬಿಜ್ಜಳನು ಕೂಡ ಚಾಲುಕ್ಯರ ಮಾಂಡಳಿಕನಾಗಿ ತರ್ದವಾಡಿಯನ್ನು ಆಳಿದವನೇ. ವೃಷಭವೆಂಬ ಸಂಸ್ಕೃತ ಶಬ್ದವೇ ಕನ್ನಡದಲ್ಲಿ ಬಸವ. ಅರಸನ ಧ್ವಜದ ಮೇಲೆಯೂ ಬಸವ, ಅವನ ಭಂಡಾರದ ಹೊಣೆ ಹೊತ್ತ ಬಾಗೇವಾಡಿಯ ಮಹಾಪುರುಷನ ಹೆಸರೂ ಬಸವ! ಧ್ವಜದ ಬಸವ ಇತಿಹಾಸದ ಪುಟ ಸೇರಿತು. ಇನ್ನೊಂದರ ಮಾತನ್ನು ನಿಮಗೆ ಹೇಳಬೇಕಾದುದಿಲ್ಲ. ಬಾಗೇವಾಡಿಯೇ ಬಸವನ ಬಾಗೇವಾಡಿಯಾಯಿತು.

ಈಗ ಮುದ್ದೇಬಿಹಾಳದತ್ತ ಬನ್ನಿರಿ. ಕೃಷ್ಣೆಯ ಉತ್ತರ ದಂಡೆಯ ರಕ್ಕಸಗಿ, ತಂಗಡಗಿ ಗ್ರಾಮಗಳು ಆ ಸೀಮೆಯವರಿಗೆ ಗೊತ್ತೇ ಇವೆ. ವಿಜಯನಗರವು ಕರ್ಣಾಟ ಸಾಮ್ರಾಜ್ಯವೆನಿಸಿಕೊಂಡಿತ್ತು. ಅದರ ಲಾಂಛನವೂ ವರಾಹವೇ. 1565ರ ಜನೆವರಿ 23ರಂದು ದಖ್ಖನದ ಸುಲ್ತಾನರ ಕೂಟಸೈನ್ಯವು ಆ ಸಾಮ್ರಾಜ್ಯವನ್ನು ಈ ಪರಿಸರದಲ್ಲಿ ಮುರಿಯಿತು. ಸುಲ್ತಾನರ ದಂಡು ಬೀಡುಬಿಟ್ಟುದು ತಾಳಿಕೋಟೆಯಲ್ಲಾದುದರಿಂದ ಯುದ್ಧಕ್ಕೂ ಬಹುಕಾಲ ಆ ಊರಿನ ಹೆಸರೇ ನಡೆಯಿತು. ಅಂದು ಅಳಿಯ ರಾಮರಾಯನ ತಲೆ ಉರುಳಿದುದು, ಹಂಪಿ ಹಾಳಾದುದು ಎಲ್ಲರೂ ಬಲ್ಲ ಸಂಗತಿ. ಅದರೊಡನೆ ನಾಡಿನ ಹೆಸರೂ ಗುಳೆ ಹೊರಟಿತೆಂಬುದನ್ನು ಬಲ್ಲವರು ಕಡಿಮೆ.

ಅದು ನಡೆದ ಬಗೆ ಹೀಗೆ. ಸೋತ ಅರಸರು ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ, ವೆಲ್ಲೂರಿಗೆ ಸರಿದರು. ಸಿಂಹಾಸನ ಎಲ್ಲಿಯೋ ಅಲ್ಲಿಯೇ ಕರ್ಣಾಟವೆಂಬ ಮಾತು ಅವರ ಬೆನ್ನು ಹತ್ತಿ ನಡೆಯಿತು. ವಿಜಾಪುರದ ಆದಿಲಶಾಹಿ ಸೈನ್ಯವು ಹದಿನೇಳನೆಯ ಶತಮಾನದಲ್ಲಿ ದಕ್ಷಿಣಕ್ಕೆ ನುಗ್ಗಿದಾಗ ತಾನು ಗೆದ್ದ ಆ ಸೀಮೆಯನ್ನೇ ಕರ್ನಾಟಕವೆಂದಿತು. ಘಟ್ಟದ ಮೇಲಿನದು ಬಾಲಾಘಾಟ, ಕೆಳಗಿನದು ಪಾಯನಘಾಟ. ಮೇಲಿನದು ಜಾರಿ, ಕೆಳಗಿನದು ಉಳಿಯಿತು. ಕಡೆಗೆ ಆರ್ಕಾಟಿನ ನವಾಬನು ಕರ್ನಾಟಕದ ನವಾಬನೆನಿಸಿದನು. 1746ರಿಂದ 1763ರವರೆಗೆ ಇಂಗ್ಲಿಷರೂ ಫ್ರೆಂಚರೂ ಕಾದಿದ ಕರ್ನಾಟಕ ಯುದ್ಧಗಳ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಯುದ್ಧಗಳು ಮುಖ್ಯವಾಗಿ ನಡೆದುದು ತಮಿಳು ನೆಲದಲ್ಲಿ. ಕನ್ನಡಿಗರು ತಮ್ಮ ಊರುಗಳಲ್ಲಿಯೇ ಇದ್ದರು. ಅವರ ನಾಡಿನ ಹೆಸರು ಮಾತ್ರ ನಾಲ್ಕುನೂರು ಮೈಲು ದೂರದ ಅರಮನೆಯಲ್ಲಿ ಕುಳಿತಿತ್ತು.

ಇತ್ತ ಕನ್ನಡ ನೆಲ ಚೂರುಚೂರಾಯಿತು. ಮೈಸೂರು ಒಂದು, ಕೊಡಗು ಒಂದು, ನಿಜಾಮನದು ಒಂದು, ಮದ್ರಾಸಿನದು ಒಂದು. ನಾವು ಮುಂಬಯಿ ಇಲಾಖೆಯವರು. ನಡುನಡುವೆ ಜಮಖಂಡಿ, ಮುಧೋಳಗಳಂಥ ಸಂಸ್ಥಾನಗಳು. ಕೆಲಕಾಲ ನಮ್ಮ ಜಿಲ್ಲೆಗೆ ವಿಜಾಪುರವೆಂಬ ಹೆಸರೂ ಇರಲಿಲ್ಲ; ಅದು ಕಲಾದಗಿ ಜಿಲ್ಲೆ. 1885ರಲ್ಲಿ ಮುಖ್ಯಸ್ಥಾನವು ವಿಜಾಪುರಕ್ಕೆ ಬಂತು. 1997ರಲ್ಲಿ ಬಾಗಲಕೋಟೆ ಬೇರ್ಪಟ್ಟಿತು. 2014ರ ನವೆಂಬರ 1ರಂದು ವಿಜಾಪುರವು ಮತ್ತೆ ತನ್ನ ಪ್ರಾಚೀನ ವಿಜಯಪುರವೆಂಬ ಹೆಸರನ್ನು ಪಡೆಯಿತು.

ಅಲೆದುಹೋದ ಹೆಸರನ್ನು ಮನೆಗೆ ಕರೆತಂದವರು ಯಾರು? ಯಾವ ಅರಸನೂ ಅಲ್ಲ. ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ಬಾಳಿದ ಫ.ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ವನ್ನು ಆರಂಭಿಸಿದುದು ಈ ಪತ್ರಿಕೆಯ ಓದುಗರಿಗೆ ತಿಳಿದೇ ಇದೆ. ಮರುವರುಷ, 1927ರಲ್ಲಿ, ಅವರು ಹೊರಡಿಸಿದ ವಾರಪತ್ರಿಕೆಯ ಹೆಸರನ್ನು ನೆನೆಯಿರಿ: ‘ನವಕರ್ನಾಟಕ’. ಆಗ ಆ ಹೆಸರಿನ ರಾಜ್ಯವಿಲ್ಲ, ಭೂಪಟದಲ್ಲಿ ಗೆರೆಯಿಲ್ಲ. ಮುಂಬಯಿ ಸರಕಾರದ ಒಂದು ಜಿಲ್ಲಾ ಪಟ್ಟಣದಲ್ಲಿ ಕುಳಿತು ಒಬ್ಬ ವಕೀಲರು, ಇನ್ನೂ ಹುಟ್ಟದ ನಾಡಿಗೆ ನವ ಎಂಬ ವಿಶೇಷಣವನ್ನೂ ಜೋಡಿಸಿ, ವಾರವಾರವೂ ಅಚ್ಚುಹಾಕಿದರು. ವಚನಗಳ ಕಟ್ಟುಗಳನ್ನು ಹುಡುಕುತ್ತ ಊರೂರು ಅಲೆದ ಕೈಗಳೇ ಇವು. ಆಲೂರರೂ ಹಳಕಟ್ಟಿಯವರೂ 1880ರ ಜುಲೈ ತಿಂಗಳಲ್ಲಿಯೇ ಹುಟ್ಟಿದವರು. ಇಬ್ಬರೂ 1964ರಲ್ಲಿ ಕಾಲವಾದರು. 1956ರ ಏಕೀಕರಣವನ್ನು ಕಣ್ಣಾರೆ ಕಂಡರು. ಆದರೆ ಕೂಡಿದ ನಾಡಿಗೆ ಆಗ ಇದ್ದ ಹೆಸರು ಮೈಸೂರು. ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ. ತೈಲಪನು ತರ್ದವಾಡಿಯಿಂದೆದ್ದು ಸಾಮ್ರಾಜ್ಯವನ್ನು ಸ್ಥಾಪಿಸಿ ಆ ವರುಷಕ್ಕೆ ಸರಿಯಾಗಿ ಒಂದು ಸಾವಿರ ವರುಷ.

ಕನ್ನಡಿಗರು ನಾಡಹಬ್ಬದಂದು ಏರಿಸುವ ಹಳದಿ ಕೆಂಪು ಬಾವುಟವು 1960ರ ದಶಕದಲ್ಲಿ ಮ. ರಾಮಮೂರ್ತಿಯವರಿಂದ ರೂಪುಗೊಂಡಿತು. ಅರಿಷಿಣ ಕುಂಕುಮವೆಂದು ಜನ ಅದಕ್ಕೆ ಅರ್ಥ ಹೇಳಿಕೊಂಡರು. ಅದರಲ್ಲಿ ವರಾಹವಿಲ್ಲ, ಗರುಡನಿಲ್ಲ. 2018ರಲ್ಲಿ ರಾಜ್ಯ ಸರಕಾರವು ನಡುವೆ ಬಿಳಿಯ ಪಟ್ಟಿಯನ್ನೂ ಗಂಡಭೇರುಂಡವನ್ನೂ ಸೇರಿಸಿ ಬೇರೊಂದು ವಿನ್ಯಾಸವನ್ನು ಮುಂದಿಟ್ಟಿತು. ಬೀದಿಯಲ್ಲಿ ಉಳಿದುದು ಹಳೆಯ ಎರಡು ಬಣ್ಣವೇ.

ರಾಷ್ಟ್ರಧ್ವಜದ ಮಾತಿಗೆ ಬಂದರೆ, ಅದನ್ನು ಸಂವಿಧಾನ ಸಭೆ ಅಂಗೀಕರಿಸಿದುದು 1947ರ ಜುಲೈ 22ರಂದು. ನಡುವಿನ ಇಪ್ಪತ್ನಾಲ್ಕು ಅರೆಗಳ ಚಕ್ರವು ಸಾರನಾಥದ ಅಶೋಕಸ್ತಂಭದ್ದು. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನವು 1915ರಲ್ಲಿ ಸಿಕ್ಕುದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಮುದ್ದೇಬಿಹಾಳದವರು ಹೊಳೆ ದಾಟಿ ಹೋಗುವ ಸೀಮೆಯಲ್ಲಿ. ಕೇಸರಿ, ಬಿಳಿ, ಹಸಿರುಗಳ ಅರ್ಥವನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ನಮ್ಮ ಧ್ವಜದ ವೈಶಿಷ್ಟ್ಯ ಬಣ್ಣದಲ್ಲಿ ಮಾತ್ರವಲ್ಲ, ಬಟ್ಟೆಯಲ್ಲಿದೆ. ಅದು ಕೈಯಿಂದ ನೂತು ಕೈಯಿಂದ ನೆಯ್ದ ಖಾದಿಯದಾಗಿರಬೇಕೆಂಬುದು ದೀರ್ಘಕಾಲದ ನಿಯಮವಾಗಿತ್ತು. ಸ್ವತಂತ್ರ ಭಾರತವು ವಸ್ತುಗಳಿಗೆ ಪ್ರಮಾಣಗಳನ್ನು ಗೊತ್ತುಪಡಿಸತೊಡಗಿದಾಗ 1951ರಲ್ಲಿ ಒಂದನೆಯ ಕ್ರಮಾಂಕ ದೊರೆತುದು ರಾಷ್ಟ್ರಧ್ವಜಕ್ಕೇ. ಆಲಮಟ್ಟಿಯ ಆಶ್ರಮದಲ್ಲಿದ್ದು ಖಾದಿಯ ವ್ರತವನ್ನು ಬೋಧಿಸಿದ ಹರ್ಡೇಕರ ಮಂಜಪ್ಪನವರು 1947ರ ಆರಂಭದಲ್ಲಿಯೇ ಲಿಂಗೈಕ್ಯರಾಗಿದ್ದರು. ಆ ಬಟ್ಟೆ ದೇಶದ ಧ್ವಜವಾಗಿ ಏರಿದುದನ್ನು ಕಾಣಲಿಲ್ಲ.

ಧಾರವಾಡ ಜಿಲ್ಲೆಯ ಗರಗದಲ್ಲಿ 1950ರ ದಶಕದಿಂದ ಧ್ವಜದ ಬಟ್ಟೆ ಸಿದ್ಧವಾಗುತ್ತ ಬಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜಘಟಕವಿದೆ. ಅದಕ್ಕೆ ಬೇಕಾದ ಬಟ್ಟೆಯನ್ನು ನೆಯ್ಯುವುದು ಬಾಗಲಕೋಟೆಯ ಬಳಿಯ ತುಳಸಿಗೇರಿಯಲ್ಲಿ. 1997ರವರೆಗೆ ಅದು ನಮ್ಮದೇ ಜಿಲ್ಲೆ. ಬೆಂಗೇರಿಯಲ್ಲಿ ಬಣ್ಣ ಹಾಕಿ, ಚಕ್ರವನ್ನು ಎರಡೂ ಬದಿಗೆ ಒಂದರ ಮೇಲೊಂದು ಕೂಡುವಂತೆ ಅಚ್ಚೊತ್ತಿ, ಹೊಲಿಯುತ್ತಾರೆ. ಅಂಗೈಯಗಲದ್ದರಿಂದ 21 ಅಡಿ ಉದ್ದ 14 ಅಡಿ ಅಗಲದವರೆಗೆ ಒಂಬತ್ತು ಅಳತೆಗಳು. ನೂಲಿನ ಎಳೆ, ಬಣ್ಣದ ಗಟ್ಟಿತನ, ಹೊಲಿಗೆ ಯಾವುದರಲ್ಲಿ ಕೊರತೆ ಕಂಡರೂ ತಿರಸ್ಕಾರ. ನೂಲುವವರೂ ಹೊಲಿಯುವವರೂ ಬಹುಮಟ್ಟಿಗೆ ಹೆಣ್ಣುಮಕ್ಕಳು. ದೆಹಲಿಯವರೆಗೆ ಹೋಗುವ ಧ್ವಜದಲ್ಲಿ ಅವರ ಕೈಯ ಗುರುತಿರುತ್ತದೆ.

2021ರ ಡಿಸೆಂಬರ 30ರಂದು ಕೇಂದ್ರ ಸರಕಾರವು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದ ಬಟ್ಟೆಗೂ ಪಾಲಿಸ್ಟರಿಗೂ ಅನುಮತಿ ಕೊಟ್ಟಿತು. ಮನೆಮನೆಗೂ ಧ್ವಜ ಮುಟ್ಟಬೇಕಾದರೆ ಅಗ್ಗದ ಬಟ್ಟೆ ಬೇಕೆಂಬ ವಾದವನ್ನು ಸುಳ್ಳೆನ್ನಲಾಗದು. ಆದರೆ ಮುಂದಿನ ವರುಷವೇ ಬೆಂಗೇರಿಯಲ್ಲಿ ದುಡಿಯುವವರು ತಮ್ಮ ಕೆಲಸಕ್ಕೆ ಕುತ್ತು ಬಂತೆಂದು ಬೀದಿಗಿಳಿದುದೂ ಸುಳ್ಳಲ್ಲ. ಖಾದಿಯ ಧ್ವಜಕ್ಕೆ ನಿಷೇಧವೇನೂ ಇಲ್ಲ, ಕೊಳ್ಳುವವರು ಬೇಕು. ನಿಮ್ಮಲ್ಲಿ ಶಾಲೆಗಳನ್ನು ನಡೆಸುವವರಿದ್ದೀರಿ, ಸಂಘಗಳ ಹೊಣೆ ಹೊತ್ತವರಿದ್ದೀರಿ, ಗ್ರಾಮ ಪಂಚಾಯತಿಗಳಲ್ಲಿ ಇರುವವರಿದ್ದೀರಿ. ಬರುವ ಆಗಸ್ಟ ತಿಂಗಳಲ್ಲಿ ಧ್ವಜದ ಗಂಟನ್ನು ಬಿಚ್ಚುವಾಗ ಬಟ್ಟೆಯ ಅಂಚನ್ನು ಬೆರಳಿನಿಂದ ತೀಡಿ ನೋಡಿರಿ. ಎಳೆಗಳು ಸ್ವಲ್ಪ ಒರಟಾಗಿ, ಒಂದು ದಪ್ಪ ಒಂದು ಸಣ್ಣ ಎಂಬಂತೆ ಕೈಗೆ ತಾಗಿದರೆ, ಅದು ತುಳಸಿಗೇರಿಯ ಮಗ್ಗದಿಂದ ಬಂದಿರುವುದು ಸಂಭವನೀಯ.