ಹೊಲಿಗೆಯ ಹಿಂದಿನ ಕಂಡಿ

ಹೊಟ್ಟೆಹುಣ್ಣಿಗೆ ಗುಳಿಗೆ ಬರುವ ಮೊದಲು ಶಸ್ತ್ರಚಿಕಿತ್ಸೆಯೇ ದೊಡ್ಡ ಮದ್ದಾಗಿತ್ತು. 1881ರಲ್ಲಿ ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್ ಕ್ಯಾನ್ಸರ್ ತಗಲಿದ ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆದರೆ, ಅದೇ ವರ್ಷ ಅವರ ಸಹಾಯಕ ಆಂಟನ್ ವೋಲ್ಫ್ಲರ್ ಸಣ್ಣ ಕರುಳಿನ ಸುರುಳಿಯೊಂದನ್ನು ಜಠರಕ್ಕೆ ಹೊಲಿದು, ಅನ್ನಕ್ಕೆ ಬಳಸುದಾರಿ ಮಾಡಿಕೊಟ್ಟರು. ಮುಂದೆ ಈ ಜೋಡಣೆ ಹುಣ್ಣಿನ ಚಿಕಿತ್ಸೆಯಾಗಿಯೂ ರೂಢಿಗೆ ಬಂದಿತು.

ಭಾರತದಲ್ಲಿ ರೈಲ್ವೆ ವೈದ್ಯ ಎಸ್. ಎಲ್. ಮಲ್ಹೋತ್ರಾ 1964ರಲ್ಲಿ ಪ್ರಕಟಿಸಿದ ಅಧ್ಯಯನವು, ಗೋಧಿ ತಿನ್ನುವ ಉತ್ತರದವರಿಗಿಂತ ಅನ್ನ ಉಣ್ಣುವ ದಕ್ಷಿಣದವರಲ್ಲಿ ಈ ಹುಣ್ಣು ಹೆಚ್ಚೆಂದು ತೋರಿಸಿತು. ಕರಾವಳಿಯ ಕನ್ನಡಿಗರು ನೆಲೆಸಿರುವ, ಮುಂಬಯಿಯ ಕಾಂದಿವಲಿಯಂಥ ಉಪನಗರಕ್ಕೆ ಈ ಮಾತು ದೂರದ್ದಲ್ಲ.

ಶಸ್ತ್ರಚಿಕಿತ್ಸೆ ತೆರೆದ ಹೊಸ ದಾರಿಯ ಜೊತೆಗೆ ಹೊಸ ಅಪಾಯಗಳೂ ಬಂದವು. ಶಸ್ತ್ರಚಿಕಿತ್ಸೆಯ ಬಳಿಕ ಕರುಳು ಕಟ್ಟಿಕೊಳ್ಳಲು ಒಳಗಿನ ಅಂಟುಗಳೇ ಸಾಮಾನ್ಯ ಕಾರಣವಾದರೂ, ಅಪರೂಪದ ಕಾರಣಗಳು ಬೇರೆಯೇ ಇವೆ. ಜಠರಕ್ಕೆ ಹೊಲಿದ ಸುರುಳಿಯ ಹಿಂದೆ ಉಳಿಯುವ ಕಂಡಿಯೊಳಗೆ ಕರುಳು ನುಸುಳಿ ತಿರುಚಿಕೊಂಡರೆ ರಕ್ತದ ಹರಿವು ನಿಂತು ಅದು ಕೊಳೆಯತೊಡಗುತ್ತದೆ. 1900ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ ಇದು ಪೀಟರ್ಸನ್ ಹರ್ನಿಯಾ ಎನಿಸಿಕೊಂಡಿತು. 1914ರಲ್ಲಿ ಬೋಜ್ಜಿ ಎಂಬವರು ವರದಿ ಮಾಡಿದ ಇನ್ನೊಂದು ತೊಡಕಿನಲ್ಲಿ, ಕರುಳು ಹೊಲಿಗೆಯ ಬಾಯಿಯ ಮೂಲಕ ಹಿಮ್ಮುಖವಾಗಿ ಜಠರದೊಳಕ್ಕೇ ತೂರಿಕೊಳ್ಳುತ್ತದೆ. ಪಿತ್ತರಸವನ್ನು ತರುವ ಸುರುಳಿಯೇ ಪೂರ್ತಿ ಮುಚ್ಚಿಕೊಂಡಾಗ ಹೊಟ್ಟೆ ಉಬ್ಬಿ ನೋಯುತ್ತದೆ, ಆದರೆ ವಾಂತಿಯಲ್ಲಿ ಪಿತ್ತದ ಹಸಿರು ಹಳದಿ ಕಾಣುವುದಿಲ್ಲ. ಜಠರದ ಅರೆಯುವ ಶಕ್ತಿ ಕುಂದಿದವರಲ್ಲಿ, ಅಗಿಯದೆ ನುಂಗಿದ ಕಿತ್ತಳೆಯ ನಾರು ಗಂಟುಗಟ್ಟಿ ಕರುಳಿಗೆ ಬಿರಡೆಯಾಗುವುದೂ ಉಂಟು. ವೈದ್ಯರು ಇದನ್ನು ಬಿಜೋರ್ ಎನ್ನುತ್ತಾರೆ, ವಿಷಹಾರಿ ಎಂಬ ಅರ್ಥದ ಪರ್ಷಿಯನ್ ಪದವೇ ಇದರ ಮೂಲ.

ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಗುರುತಿಸಿದ ಬ್ಯಾಕ್ಟೀರಿಯಾವೇ ಹೆಚ್ಚಿನ ಹುಣ್ಣುಗಳಿಗೆ ಕಾರಣವೆಂದು ಸ್ಥಿರಪಟ್ಟು, ಗುಳಿಗೆಯಿಂದಲೇ ಹುಣ್ಣು ಮಾಯತೊಡಗಿದ ಮೇಲೆ ಈ ಶಸ್ತ್ರಚಿಕಿತ್ಸೆ ವಿರಳವಾಯಿತು. ಆದರೆ ಹಿಂದೆ ಹೊಲಿಸಿಕೊಂಡವರ ಕರುಳಿನ ದಾರಿ ಹಾಗೆಯೇ ಇದೆ. ಕ್ಯಾನ್ಸರಿಗೂ ಬೊಜ್ಜಿಗೂ ಇಂದು ಮಾಡುವ ಬೈಪಾಸ್‌ಗಳಲ್ಲಿ ಪೀಟರ್ಸನ್ನನ ಕಂಡಿ ಮತ್ತೆ ಹುಟ್ಟುತ್ತಿದೆ. ಊರಿನಲ್ಲಿ ಹೊಲಿಸಿಕೊಂಡ ಹೊಟ್ಟೆ ಹತ್ತಾರು ವರ್ಷಗಳ ನಂತರ ಕಾಂದಿವಲಿಯಲ್ಲಿ ನೋಯಬಹುದು. ಆದ್ದರಿಂದ ಹಳೆಯ ಡಿಸ್ಚಾರ್ಜ್ ಕಾಗದವನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಂಡು, ಹೊಟ್ಟೆ ನೋವು, ವಾಂತಿ ಶುರುವಾದಾಗ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.