ಕೆಳಗಿನ ಸಂಖ್ಯೆ ಯಾವುದು? ಸಂಭವನೀಯತೆಯ 350 ವರ್ಷದ ಜಗಳ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



"ಲಾಟರಿ ಟಿಕೆಟ್ ತಗೊಂಡ್ರೆ ಗೆಲ್ಲೋ ಚಾನ್ಸ್ ಎಷ್ಟು ಮಗಾ?" ಅಂತ ಕೇಳಿ ನೋಡಿ. ಪ್ರತಿ ಗ್ಯಾಂಗಲ್ಲೂ ಒಬ್ಬ ಇರ್ತಾನೆ, ಅವನ ಉತ್ತರ ಯಾವಾಗ್ಲೂ ಒಂದೇ: "ಫಿಫ್ಟಿ-ಫಿಫ್ಟಿ. ಹೊಡೆದ್ರೆ ಹೊಡೀತು, ಇಲ್ಲಾಂದ್ರೆ ಇಲ್ಲ." ಎಲ್ರೂ ನಗ್ತಾರೆ. ಅವನು ಹೇಳಿದ್ದು ತಪ್ಪು ಅಂತ ಎಲ್ರಿಗೂ ಗೊತ್ತು. ಆದ್ರೆ ಯಾಕೆ ತಪ್ಪು ಅಂತ ಒಂದೇ ವಾಕ್ಯದಲ್ಲಿ ಹೇಳಿ ನೋಡೋಣ? ಕಷ್ಟ ಅಲ್ವಾ? ಯುರೋಪಿನ ದೊಡ್ಡ ದೊಡ್ಡ ತಲೆಗಳಿಗೂ ಅದನ್ನ ಸರಿಯಾಗಿ ಹೇಳೋಕೆ 350 ವರ್ಷಕ್ಕಿಂತ ಜಾಸ್ತಿ ಹಿಡೀತು. ಇವತ್ತಿನ ಸಂಚಿಕೆ ಆ ಕಥೆ.

ಬಿಕಾಂನಲ್ಲಿ ನಮಗೆ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಇತ್ತು. ಪ್ರಾಬಬಿಲಿಟಿ ಅಂದ್ರೆ ಏನು ಅಂತ ಎರಡು ಮಾರ್ಕಿನ ಪ್ರಶ್ನೆ. ನಮಗೆ ಬೇಕಾದ ಫಲಿತಾಂಶಗಳು ಎಷ್ಟು ಅನ್ನೋದನ್ನ ಮೇಲೆ ಬರಿ, ಆಗಬಹುದಾದ ಒಟ್ಟು ಫಲಿತಾಂಶಗಳು ಎಷ್ಟು ಅನ್ನೋದನ್ನ ಕೆಳಗೆ ಬರಿ, ಮುಗೀತು. ಆದ್ರೆ ಇತಿಹಾಸ ನೋಡಿದ್ರೆ ಗೊತ್ತಾಗುತ್ತೆ, ಜಗಳ ಎಲ್ಲ ನಡೆದಿರೋದು ಆ ಕೆಳಗಿನ ಸಂಖ್ಯೆಯ ಮೇಲೆ.

ದಾಳದ ಲೆಕ್ಕ

ಮೊದಲು 16ನೇ ಶತಮಾನದ ಇಟಲಿಗೆ ಹೋಗೋಣ. ಜೆರೊಲಾಮೋ ಕಾರ್ಡಾನೋ ಅಂತ ಒಬ್ಬ ವೈದ್ಯ. ಗಣಿತಜ್ಞನೂ ಹೌದು, ಜೂಜುಕೋರನೂ ಹೌದು. ದಾಳದ ಆಟದ ಬಗ್ಗೆ ಒಂದು ಪುಸ್ತಕ ಬರೆದ. ಅದು ಅಚ್ಚಾಗಿದ್ದು ಮಾತ್ರ 1663ರಲ್ಲಿ, ಅವನು ತೀರಿಕೊಂಡು 87 ವರ್ಷ ಆದಮೇಲೆ. ಅದರಲ್ಲಿ ಅವನು ಮಾಡಿದ ಒಂದು ಸರಳ ಕೆಲಸ ಏನು ಅಂದ್ರೆ, ಆಡೋಕೆ ಮುಂಚೆ ಏನೇನು ಬೀಳಬಹುದು ಅನ್ನೋದರ ಪೂರ್ತಿ ಸುತ್ತನ್ನ ಎಣಿಸೋದು. ಒಂದು ದಾಳಕ್ಕೆ 6, ಎರಡು ದಾಳಕ್ಕೆ 36. ಈ ಪೂರ್ತಿ ಪಟ್ಟಿಗೆ ಇವತ್ತು ಸ್ಯಾಂಪಲ್ ಸ್ಪೇಸ್ ಅಂತೀವಿ, ಕನ್ನಡ ಪಠ್ಯಗಳಲ್ಲಿ ಫಲಿತಗಣ. ಆ ಪಟ್ಟಿಯಿಂದ ನಮಗೆ ಬೇಕಾದ ಸಾಲುಗಳನ್ನ ಆರಿಸಿಕೊಂಡ್ರೆ, ಅದು ಘಟನೆ, ಈವೆಂಟ್.

ಪಟ್ಟಿ ಬರೆಯೋದರಲ್ಲಿ ಏನು ಕಷ್ಟ ಅಂತೀರಾ? ಗೆಲಿಲಿಯೋನನ್ನ ಕೇಳಿ. 1620ರ ಆಸುಪಾಸಿನಲ್ಲಿ ಅವನ ಮುಂದೆ ಒಂದು ಪ್ರಶ್ನೆ ಬಂತು. ಮೂರು ದಾಳ ಉರುಳಿಸಿದ್ರೆ ಮೊತ್ತ 9 ಬರೋಕೆ ಆರು ದಾರಿ ಇದೆ: 1-2-6, 1-3-5, 1-4-4, 2-2-5, 2-3-4, 3-3-3. ಮೊತ್ತ 10 ಬರೋಕೂ ಆರೇ ದಾರಿ: 1-3-6, 1-4-5, 2-2-6, 2-3-5, 2-4-4, 3-3-4. ಎರಡೂ ಸಮ. ಆದ್ರೆ ದಿನಾ ಆಡೋ ಜೂಜುಕೋರರು ಹೇಳ್ತಿದ್ರು, 10 ಸ್ವಲ್ಪ ಜಾಸ್ತಿ ಬೀಳುತ್ತೆ ಅಂತ. ಯಾಕೆ?

ಗೆಲಿಲಿಯೋ ಹೇಳಿದ: ಆ ಆರು ದಾರಿಗಳೂ ಒಂದೇ ತೂಕದವಲ್ಲ. ಮೂರು ದಾಳಕ್ಕೂ ಬೇರೆ ಬೇರೆ ಬಣ್ಣ ಬಳಿದಿದ್ದೀವಿ ಅಂದ್ಕೊಳ್ಳಿ. 1-2-6 ಅನ್ನೋದು ಆರು ರೀತಿಯಲ್ಲಿ ಬೀಳಬಹುದು, 1-4-4 ಮೂರು ರೀತಿಯಲ್ಲಿ, 3-3-3 ಒಂದೇ ರೀತಿಯಲ್ಲಿ. ಹಾಗೆ ಎಣಿಸಿದ್ರೆ ಒಟ್ಟು 216 ಫಲಿತಾಂಶ. ಅದರಲ್ಲಿ 9ಕ್ಕೆ 25, 10ಕ್ಕೆ 27. ವ್ಯತ್ಯಾಸ 216ರಲ್ಲಿ ಬರೀ 2, ಅಂದ್ರೆ ಶೇಕಡಾ 1ಕ್ಕಿಂತ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸ ಜೂಜುಕೋರರ ಕಣ್ಣಿಗೆ ಬಿದ್ದಿತ್ತು ಅಂದ್ರೆ, ಅವರು ಎಷ್ಟು ರಾತ್ರಿ ಆಡಿರಬೇಕು ಯೋಚಿಸಿ!

ಲಾಟರಿ ಗೆಳೆಯನಿಗೂ ಇದೇ ಉತ್ತರ. ಅವನ ಪಟ್ಟಿಯಲ್ಲಿ ಎರಡು ಸಾಲು ಇರೋದು ನಿಜ: ಹೊಡೀತು, ಹೊಡೀಲಿಲ್ಲ. ಆದ್ರೆ ಎರಡರ ತೂಕ ಒಂದೇ ಅಲ್ಲ.

ಅರ್ಧಕ್ಕೆ ನಿಂತ ಆಟ

ಈಗ 1654. ಪ್ಯಾರಿಸ್‌ನಲ್ಲಿ ಬ್ಲೇಸ್ ಪ್ಯಾಸ್ಕಲ್, ದೂರದ ತುಲೂಸ್‌ನಲ್ಲಿ ಪಿಯೆರ್ ದ ಫರ್ಮಾ. ಫರ್ಮಾ ವೃತ್ತಿಯಲ್ಲಿ ನ್ಯಾಯಾಂಗದ ಅಧಿಕಾರಿ, ಗಣಿತ ಬಿಡುವಿನ ಹುಚ್ಚು. ಶೆವಲಿಯೆ ದ ಮೆರೆ ಅನ್ನೋ ಹೆಸರಿನ ಆಟದ ಶೋಕಿದಾರ ಒಬ್ಬ ಪ್ಯಾಸ್ಕಲ್ ಮುಂದೆ ಒಂದು ಹಳೇ ಪ್ರಶ್ನೆ ಇಟ್ಟ: ಪಣ ಕಟ್ಟಿ ಆಡ್ತಿರೋ ಆಟ ಅರ್ಧಕ್ಕೆ ನಿಂತ್ರೆ ದುಡ್ಡು ಹಂಚೋದು ಹೇಗೆ?

ಇದಕ್ಕೆ 1494ರಲ್ಲೇ ಲೂಕಾ ಪಚೋಲಿ ಉತ್ತರ ಕೊಟ್ಟಿದ್ದ. ಕಾಮರ್ಸ್ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ, ಡಬಲ್ ಎಂಟ್ರಿ ಬುಕ್‌ಕೀಪಿಂಗ್ ಬಗ್ಗೆ ಮೊದಲು ಅಚ್ಚು ಹಾಕಿಸಿದವನು. ಲೆಕ್ಕಿಗನ ಬುದ್ಧಿ, ಇಲ್ಲಿವರೆಗೆ ಯಾರು ಎಷ್ಟು ಗೆದ್ದಿದ್ದಾರೋ ಆ ಅನುಪಾತದಲ್ಲಿ ಹಂಚು ಅಂದ. ಕೇಳೋಕೆ ನ್ಯಾಯ ಅನ್ಸುತ್ತೆ. ಆದ್ರೆ 100 ಗೇಮಿನ ಆಟದಲ್ಲಿ ಒಂದೇ ಗೇಮ್ ಆಗಿ ನಿಂತ್ರೆ? ಒಂದು ಗೆದ್ದವನಿಗೆ ಪೂರ್ತಿ ದುಡ್ಡು, ಇನ್ನೊಬ್ಬನಿಗೆ ಸೊನ್ನೆ!

ಪ್ಯಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ದೊಡ್ಡ ತಿರುವು ಏನು ಅಂದ್ರೆ, ಅವರು ಹಿಂದೆ ನೋಡೋದು ಬಿಟ್ಟು ಮುಂದೆ ನೋಡಿದ್ರು. ಆಗಿ ಹೋದದ್ದಕ್ಕೆ ಬೆಲೆ ಇಲ್ಲ, ಇನ್ನೂ ಏನೇನು ಆಗಬಹುದಿತ್ತು ಅನ್ನೋದಕ್ಕೆ ಬೆಲೆ.

ಒಂದು ಉದಾಹರಣೆ. ಪಣ 1,600 ರೂಪಾಯಿ ಅಂದ್ಕೊಳ್ಳಿ. ರಾಮನಿಗೆ ಗೆಲ್ಲೋಕೆ ಇನ್ನೂ 2 ಗೇಮ್ ಬೇಕು, ಭೀಮನಿಗೆ 3. ಇಬ್ಬರ ಬಲವೂ ಸಮ. ಜಾಸ್ತಿ ಅಂದ್ರೆ ಇನ್ನು 4 ಗೇಮ್‌ನಲ್ಲಿ ಆಟ ತೀರ್ಮಾನ ಆಗಲೇಬೇಕು. ನಾಲ್ಕು ಗೇಮ್‌ಗೆ 16 ಫಲಿತಾಂಶ. ಎಣಿಸಿ ನೋಡಿದ್ರೆ 11ರಲ್ಲಿ ರಾಮ, 5ರಲ್ಲಿ ಭೀಮ. ಹಾಗಾಗಿ ರಾಮನಿಗೆ 1,100, ಭೀಮನಿಗೆ 500.

ಇಲ್ಲಿ ಪ್ಯಾರಿಸ್‌ನ ಇನ್ನೊಬ್ಬ ಗಣಿತಜ್ಞ ರೊಬರ್ವಾಲ್ ತಕರಾರು ತೆಗೆದ. "ರಾಮ ಮೊದಲೆರಡೂ ಗೆದ್ದುಬಿಟ್ರೆ ಆಟ ಅಲ್ಲಿಗೇ ಮುಗೀತಲ್ಲ. ಆಡದೇ ಇರೋ ಗೇಮ್‌ಗಳನ್ನ ಯಾಕೆ ಎಣಿಸ್ತೀರಿ?" ಅನ್ನೋದು ಅದರ ಸಾರಾಂಶ. ಒಳ್ಳೇ ಪ್ರಶ್ನೆನೇ! ಅವನ ಮಾತು ಕೇಳಿ ನಿಜವಾಗಿ ನಡೆಯೋ ಆಟಗಳನ್ನ ಮಾತ್ರ ಪಟ್ಟಿ ಮಾಡಿದ್ರೆ 10 ಸಾಲು ಬರುತ್ತೆ, 6 ರಾಮನದ್ದು, 4 ಭೀಮನದ್ದು. ಆಗ ರಾಮನಿಗೆ 960 ರೂಪಾಯಿ. 140 ರೂಪಾಯಿ ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ. "ರಾಮ ಸತತ ಎರಡು ಗೆದ್ದ" ಅನ್ನೋ ಸಾಲಿನ ಸಂಭವನೀಯತೆ ಕಾಲು ಭಾಗ. ನಾಲ್ಕೂ ಗೇಮ್ ಎಳೆದಾಡೋ ಒಂದೊಂದು ಸಾಲಿನದ್ದು ಹದಿನಾರನೇ ಒಂದು ಭಾಗ. ಎರಡನ್ನೂ "ಒಂದು" ಅಂತ ಎಣಿಸಿದ್ದಕ್ಕೆ ಲೆಕ್ಕ ಕೆಟ್ಟಿತು. ಆಟ ಮುಗಿದ ಮೇಲೂ ಸುಮ್ನೆ ನಾಲ್ಕರವರೆಗೆ ಆಡಿದ್ರು ಅಂದ್ಕೊಂಡ್ರೆ ಗೆದ್ದವನು ಬದಲಾಗಲ್ಲ, ಆದ್ರೆ ಪಟ್ಟಿಯ ಎಲ್ಲ ಸಾಲಿಗೂ ಒಂದೇ ತೂಕ ಬರುತ್ತೆ. ಅದಕ್ಕೇ ಆ ಆಡದ ಗೇಮ್‌ಗಳು ಬೇಕು.

ನೂರು ವರ್ಷ ಆದ್ಮೇಲೆ, 1754ರಲ್ಲಿ, ಫ್ರಾನ್ಸಿನ ಪ್ರಸಿದ್ಧ ವಿಶ್ವಕೋಶದಲ್ಲಿ ಡಲಾಂಬೇರ್ ಕೂಡ ಇಂಥದ್ದೇ ಪಟ್ಟಿ ಬರೆದ. ಎರಡು ಸಲ ನಾಣ್ಯ ಚಿಮ್ಮಿದ್ರೆ ಒಂದು ಸಲವಾದ್ರೂ ಹೆಡ್ ಬೀಳೋ ಸಂಭವ ಎಷ್ಟು? ಮೊದಲ ಸಲವೇ ಹೆಡ್ ಬಿದ್ರೆ ಎರಡನೇ ಟಾಸ್ ಯಾಕೆ, ಹಾಗಾಗಿ ಮೂರೇ ಫಲಿತಾಂಶ, ಉತ್ತರ ಮೂರರಲ್ಲಿ ಎರಡು ಅಂದ. ಸರಿ ಉತ್ತರ ನಾಲ್ಕರಲ್ಲಿ ಮೂರು.

ಅಂದಹಾಗೆ, ಎಣಿಸೋ ವಿದ್ಯೆ ನಮ್ಮ ಕಡೆ ಇದಕ್ಕಿಂತ ಬಹಳ ಮೊದಲೇ ಇತ್ತು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನ ಎಷ್ಟು ರೀತಿ ಆರಿಸಬಹುದು ಅನ್ನೋ ಸಾಮಾನ್ಯ ಸೂತ್ರ ಅದರಲ್ಲಿದೆ. ಕೋಳಿ ಅಂಕದ ಒಂದು ಲೆಕ್ಕವೂ ಇದೆ! ಒಬ್ಬ ಚಾಲಾಕಿ ಎರಡೂ ಹುಂಜದ ಮಾಲೀಕರ ಹತ್ತಿರ ಗುಟ್ಟಾಗಿ ಒಪ್ಪಂದ ಮಾಡ್ಕೊಂಡು, ಯಾವ ಹುಂಜ ಗೆದ್ರೂ ತನಗೆ 12 ಚಿನ್ನದ ನಾಣ್ಯ ಉಳಿಯೋ ಹಾಗೆ ನೋಡ್ಕೋತಾನೆ. ಗಮನಿಸಿ, ಬಾಜಿಯೂ ಇದೆ, ಎಣಿಕೆಯೂ ಇದೆ. ಆದ್ರೆ ಈ ಲೆಕ್ಕದಲ್ಲಿ ಯಾವ ಹುಂಜ ಗೆಲ್ಲೋ ಸಂಭವ ಎಷ್ಟು ಅನ್ನೋ ಪ್ರಶ್ನೆಯೇ ಏಳಲ್ಲ. ಎಣಿಸೋದು ಬೇರೆ, ಸಂಭವವನ್ನ ಅಳೆಯೋದು ಬೇರೆ.

ಸಮ ಅಂತ ಹೇಳಿದ್ದು ಯಾರು?

19ನೇ ಶತಮಾನದ ಶುರುವಿನಲ್ಲಿ ಲಾಪ್ಲಾಸ್ ನಮ್ಮ ಎರಡು ಮಾರ್ಕಿನ ಸೂತ್ರವನ್ನ ಸ್ಪಷ್ಟವಾಗಿ ಬರೆದ. ಜೊತೆಗೆ ಒಂದು ಷರತ್ತು ಹಾಕಿದ: ಎಲ್ಲ ಫಲಿತಾಂಶಗಳೂ ಸಮಸಂಭಾವ್ಯ ಆಗಿರಬೇಕು. ಆದ್ರೆ ಸಮಸಂಭಾವ್ಯ ಅಂದ್ರೆ? ಒಂದೇ ಸಂಭವನೀಯತೆ ಇರೋದು. ಸಂಭವನೀಯತೆ ಅಂದ್ರೆ? ಸಮಸಂಭಾವ್ಯ ಫಲಿತಾಂಶಗಳ ಅನುಪಾತ. ತಿರುಗಿ ಅಲ್ಲಿಗೇ ಬಂದ್ವಿ!

ಅದೂ ಅಲ್ದೆ, ದಾಳಕ್ಕೆ ಆರು ಮುಖ ಇದೆ ಸರಿ, ಕಾಯಿಲೆಗೆ ಎಷ್ಟು ಮುಖ? ಮಳೆಗೆ ಎಷ್ಟು? ಇದನ್ನ ಯಾಕೋಬ್ ಬರ್ನುಲಿ ಮೊದಲೇ ಯೋಚಿಸಿದ್ದ. ಅವನು ತೀರಿಕೊಂಡು 8 ವರ್ಷದ ಮೇಲೆ, 1713ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅವನ ಉತ್ತರ ಇದೆ: ಪಟ್ಟಿ ಮಾಡೋಕೆ ಆಗದಿದ್ರೆ, ಮತ್ತೆ ಮತ್ತೆ ನೋಡಿ. ಸಾಕಷ್ಟು ಸಲ ನೋಡಿದ್ರೆ, ಕಂಡ ಅನುಪಾತ ನಿಜವಾದ ಸಂಭವನೀಯತೆಗೆ ಹತ್ತಿರ ಬರುತ್ತೆ ಅಂತ ಗಣಿತದಿಂದಲೇ ತೋರಿಸಿದ. ವಿಮಾ ಕಂಪನಿಗಳ ಪ್ರೀಮಿಯಂ ಲೆಕ್ಕ ಇವತ್ತಿಗೂ ನಿಂತಿರೋದು ಇದರ ಮೇಲೆ.

ಕೊನೆಗೆ 1933ರಲ್ಲಿ ರಷ್ಯಾದ ಆಂದ್ರೇ ಕೊಲ್ಮೊಗೊರೊವ್ ಒಂದು ತೆಳ್ಳಗಿನ ಜರ್ಮನ್ ಪುಸ್ತಕದಲ್ಲಿ ಜಗಳ ಮುಗಿಸಿದ. ಮೊದಲು ಪಟ್ಟಿ ಯಾವುದು ಅಂತ ಹೇಳು. ಪ್ರತಿ ಘಟನೆಗೂ ಒಂದು ತೂಕ ಕೊಡು. ನಿಯಮ ಇಷ್ಟೇ: ತೂಕ ಸೊನ್ನೆಗಿಂತ ಕಡಿಮೆ ಇರಬಾರದು, ಪೂರ್ತಿ ಪಟ್ಟಿಯ ತೂಕ 1 ಆಗಬೇಕು, ಒಟ್ಟಿಗೆ ಆಗೋಕೆ ಸಾಧ್ಯವಿಲ್ಲದ ಘಟನೆಗಳ ತೂಕ ಕೂಡಿಸಬಹುದು. ಎಲ್ಲ ಸಾಲೂ ಸಮ ಆಗಿರಬೇಕಿಲ್ಲ. ಯಾವ ತೂಕ ಕೊಡ್ತೀಯಾ ಅನ್ನೋದಕ್ಕೆ ಮಾತ್ರ ನೀನೇ ಜವಾಬ್ದಾರ, ಅದನ್ನ ಗಣಿತ ಹೇಳಿಕೊಡಲ್ಲ.

ಕೋರ್ಟಿಗೆ ಬಂದ ಸಂಖ್ಯೆ

ಆ ಜವಾಬ್ದಾರಿ ಮರೆತ್ರೆ ಏನಾಗುತ್ತೆ? ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ವೃತ್ತಿಯಲ್ಲಿ ವಕೀಲೆ. 1996ರಲ್ಲಿ ಅವರ ಮೊದಲ ಮಗು, 1998ರಲ್ಲಿ ಎರಡನೇ ಮಗು ಹಸುಗೂಸಾಗಿರುವಾಗಲೇ ತೀರಿಕೊಂಡವು. ತಾಯಿಯೇ ಕೊಂದಿದ್ದು ಅಂತ ಕೇಸ್ ಆಯ್ತು. ವಿಚಾರಣೆಯಲ್ಲಿ ಹೆಸರಾಂತ ಮಕ್ಕಳ ವೈದ್ಯರೊಬ್ಬರು ಒಂದು ಸಂಖ್ಯೆ ಹೇಳಿದ್ರು. ಇಂಥ ಕುಟುಂಬದಲ್ಲಿ ಒಂದು ಮಗು ಕಾರಣ ಗೊತ್ತಾಗದೆ ಹಠಾತ್ತನೆ ಸಾಯೋ ಸಂಭವ 8,543ರಲ್ಲಿ 1. ಎರಡು ಮಕ್ಕಳು ಅಂದ್ರೆ ಅದನ್ನ ಅದರಿಂದಲೇ ಗುಣಿಸಬೇಕು: ಸುಮಾರು 7 ಕೋಟಿ 30 ಲಕ್ಷದಲ್ಲಿ 1. 1999ರ ನವೆಂಬರ್‌ನಲ್ಲಿ ಸ್ಯಾಲಿಗೆ ಜೀವಾವಧಿ ಶಿಕ್ಷೆ ಆಯ್ತು.

ಆ ಗುಣಾಕಾರ ನೋಡಿ. ಹಾಗೆ ಗುಣಿಸಬೇಕಾದ್ರೆ ಎರಡೂ ಘಟನೆಗಳು ಸ್ವತಂತ್ರ ಆಗಿರಬೇಕು, ಒಂದು ಆದದ್ದು ಇನ್ನೊಂದರ ಸಂಭವವನ್ನ ಬದಲಿಸಬಾರದು. ಎರಡು ದಾಳಕ್ಕೆ ಅದು ಸರಿ, ಒಂದಕ್ಕೆ ಇನ್ನೊಂದರ ಸುದ್ದಿ ಗೊತ್ತಿಲ್ಲ. ಆದ್ರೆ ಒಂದೇ ತಂದೆ ತಾಯಿ, ಒಂದೇ ಮನೆ, ಒಂದೇ ರಕ್ತದ ಇಬ್ಬರು ಅಣ್ಣತಮ್ಮಂದಿರಿಗೆ? 2001ರಲ್ಲಿ ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಹೇಳಿತು, ಈ ಸಂಖ್ಯೆಗೆ ಸಂಖ್ಯಾಶಾಸ್ತ್ರದ ಆಧಾರ ಇಲ್ಲ ಅಂತ.

ಎರಡನೇ ತಪ್ಪು ನಮ್ಮ ಹಳೇ ಸ್ನೇಹಿತ, ಕೆಳಗಿನ ಸಂಖ್ಯೆ. ಆ 7 ಕೋಟಿ ಯಾರ ಪಟ್ಟಿ? ಅಂಥ ಎಲ್ಲ ಕುಟುಂಬಗಳದ್ದು. ಆದ್ರೆ ಈ ಮನೆಯಲ್ಲಿ ಎರಡು ಮಕ್ಕಳು ತೀರಿಕೊಂಡಿರೋದು ಈಗಾಗಲೇ ಗೊತ್ತಿರೋ ವಿಷಯ. ಒಂದು ವಿಷಯ ಗೊತ್ತಾದ ಮೇಲೆ ಪಟ್ಟಿ ಸಣ್ಣದಾಗಬೇಕು, ಇದಕ್ಕೇ ಷರತ್ತುಬದ್ಧ ಸಂಭವನೀಯತೆ ಅನ್ನೋದು. ಇಲ್ಲಿ ಪಟ್ಟಿಯಲ್ಲಿ ಇರಬೇಕಾದ್ದು ಎರಡು ಹಸುಗೂಸುಗಳನ್ನ ಕಳೆದುಕೊಂಡ ಕುಟುಂಬಗಳು ಮಾತ್ರ. ಅದರಲ್ಲಿ ಎಷ್ಟು ಸಹಜ ಸಾವು, ಎಷ್ಟು ಕೊಲೆ? ತಾಯಿಯೊಬ್ಬಳು ಎರಡು ಕೂಸುಗಳನ್ನ ಕೊಲ್ಲೋದೂ ತುಂಬಾ ಅಪರೂಪ ತಾನೇ? ಆ ಹೋಲಿಕೆ ಜ್ಯೂರಿ ಮುಂದೆ ಬರಲೇ ಇಲ್ಲ.

2003ರ ಜನವರಿಯಲ್ಲಿ ಸ್ಯಾಲಿ ಬಿಡುಗಡೆಯಾದ್ರು. ಮುಖ್ಯ ಕಾರಣ, ಎರಡನೇ ಮಗುವಿನ ಲ್ಯಾಬ್ ವರದಿಯನ್ನ ಅವರ ಕಡೆಯ ವಕೀಲರಿಗೆ ಕೊಟ್ಟೇ ಇರಲಿಲ್ಲ. ಮೇಲ್ಮನವಿ ಕೋರ್ಟ್ ಆ ಸಂಖ್ಯೆಯನ್ನೂ ಟೀಕಿಸಿತು. ಆದ್ರೆ ಸ್ಯಾಲಿ ಈ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. 2007ರಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡ್ರು.

ಹಾಗಾಗಿ ಮೊಬೈಲಿನಲ್ಲಿ "ಲಕ್ಷದಲ್ಲಿ ಒಬ್ಬರು", "ಕೋಟಿಗೆ ಒಂದು ಚಾನ್ಸ್" ಅಂತ ಏನಾದ್ರೂ ಬಂದ್ರೆ ಮೂರು ಪ್ರಶ್ನೆ ಕೇಳಿ. ಯಾರ ಪಟ್ಟಿ ಇದು? ಪಟ್ಟಿಯ ಎಲ್ಲ ಸಾಲಿಗೂ ಒಂದೇ ತೂಕನಾ? ಗುಣಿಸಿದ್ದಾರೆ ಅಂದ್ರೆ, ಘಟನೆಗಳು ಸ್ವತಂತ್ರ ಅಂತ ಯಾರಾದ್ರೂ ಪರೀಕ್ಷೆ ಮಾಡಿದ್ದಾರಾ?

ಹೋಗೋ ಮುಂಚೆ ಒಂದು ಹೋಮ್‌ವರ್ಕ್. ಮೂರು ನಾಣ್ಯ ಚಿಮ್ಮಿದ್ದೀರಿ. ಮೂರೂ ಒಂದೇ ಮುಖ ಬೀಳೋ ಸಂಭವ ಎಷ್ಟು? ಒಬ್ಬ ಹೇಳ್ತಾನೆ: "ಮೂರರಲ್ಲಿ ಎರಡಂತೂ ಒಂದೇ ಥರ ಇದ್ದೇ ಇರುತ್ತೆ. ಮೂರನೇದು ಹೆಡ್ ಅಥವಾ ಟೇಲ್. ಅಂದ್ರೆ ಫಿಫ್ಟಿ-ಫಿಫ್ಟಿ." ಎಲ್ಲಿ ಎಡವಿದ ಅಂತ ಪಟ್ಟಿ ಬರೆದು ಕಂಡುಹಿಡೀರಿ. ಎಂಟೇ ಸಾಲು, ಬಸ್ ಟಿಕೆಟ್ ಹಿಂದೆ ಹಿಡಿಸುತ್ತೆ.