ಪ್ರಶ್ನೆಯೊಳಗೇ ಅಡಗಿದ ತೀರ್ಪು



ಏಲೂರಿನ ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕುಳಿತಾಗ, ನಟಿಯೊಬ್ಬರ ಫೋಟೊ ಕೆಳಗೆ ಇಂಥ ಮಾತನ್ನು ನೀವೂ ಓದಿರುತ್ತೀರಿ: 'ಈಗಲಾದರೂ ಅಹಂಕಾರ ಇಳಿಯಿತಾ?' ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ. ಆಕೆಗೆ ಅಹಂಕಾರವಿತ್ತೆಂದು ಪ್ರಶ್ನೆಯೇ ತೀರ್ಮಾನಿಸಿಬಿಟ್ಟಿದೆ!

ಇದು ಮೊಬೈಲ್ ಕಾಲದ ಚಾಳಿಯೇನಲ್ಲ. ತಿರುವನಂತಪುರದ ಹಳೆಯ ಕಥೆಯೊಂದನ್ನು ಕೇಳಿ. ಮಲಯಾಳದ ಮೊದಲ ಚಿತ್ರ, ಜೆ. ಸಿ. ಡೇನಿಯಲ್ ಅವರ ಮೂಕಿಚಿತ್ರ 'ವಿಗತಕುಮಾರನ್' 1930ರ ಆಸುಪಾಸಿನಲ್ಲಿ ಅಲ್ಲಿನ ಕ್ಯಾಪಿಟಲ್ ಥಿಯೇಟರಿನಲ್ಲಿ ತೆರೆಕಂಡಿತು. ನಾಯಕಿ ಪಿ. ಕೆ. ರೋಸಿ, ದಲಿತ ಕುಟುಂಬದ ಹೆಣ್ಣುಮಗಳು. ಆಕೆಯ ಪಾತ್ರವೋ ನಾಯರ್ ಮನೆತನದ ಸರೋಜಿನಿಯದು. ಪ್ರೇಕ್ಷಕರು ರೊಚ್ಚಿಗೆದ್ದು ಪರದೆಗೆ ಕಲ್ಲು ತೂರಿದರು. 'ಇವಳು ನಾಯರ್ ಹೆಣ್ಣಾಗುವುದು ಹೇಗೆ?' ಎಂಬುದೇ ಆ ಸಿಟ್ಟಿನ ತಿರುಳು. ಪಾತ್ರ ಮಾಡಲೂ ಜಾತಿ ಬೇಕು ಎಂಬ ಮಾತು ಆ ಪ್ರಶ್ನೆಯೊಳಗೆ ಆಗಲೇ ಕುಳಿತಿತ್ತು. ಆಕೆ ಹೇಗೆ ನಟಿಸಿದಳು ಎಂದು ಕೇಳಲು ಜಾಗವೇ ಉಳಿಯಲಿಲ್ಲ.

ರೋಸಿ ಊರು ಬಿಟ್ಟರು. ಇಂದಿನ ತಮಿಳುನಾಡಿನ ನಾಗರಕೋಯಿಲ್ ಕಡೆ ರಾಜಮ್ಮಾಳ್ ಎಂಬ ಹೆಸರಿನಲ್ಲಿ ಬಾಳಿದರು. ಮತ್ತೆ ಸಿನಿಮಾದಲ್ಲಿ ನಟಿಸಲಿಲ್ಲ. 2013ರ 'ಸೆಲ್ಯುಲಾಯ್ಡ್' ಚಿತ್ರ ಈ ಕಥೆಯನ್ನು ಮತ್ತೆ ಜನರ ಮುಂದಿಟ್ಟಿತು. 2019ರಲ್ಲಿ ಕೇರಳದ ಚಿತ್ರರಂಗದ ಮಹಿಳೆಯರು ಆಕೆಯ ಹೆಸರಿನಲ್ಲೇ ಫಿಲ್ಮ್ ಸೊಸೈಟಿ ಕಟ್ಟಿದರು. ಆದರೆ 'ವಿಗತಕುಮಾರನ್' ಚಿತ್ರದ ಪ್ರತಿಯೇ ಇಂದು ಉಳಿದಿಲ್ಲ. ರೋಸಿಯ ಅಭಿನಯ ನಮಗೆ ಸಿಗಲಿಲ್ಲ, ನೋಡಿದವರ ತೀರ್ಪು ಮಾತ್ರ ಸಿಕ್ಕಿತು.

ಹಾಗಾಗಿ ಕೇಳುಗರೇ, ಇನ್ನೊಮ್ಮೆ ಅಂಥ ಪ್ರಶ್ನೆ ಕಂಡರೆ ಉತ್ತರ ಹುಡುಕುವ ಮೊದಲು ಅದು ಏನನ್ನು ಒಪ್ಪಿಕೊಳ್ಳಿ ಎನ್ನುತ್ತಿದೆ ಎಂದು ನೋಡಿ. ಮತ್ತೆ ಸಿಗೋಣ.